ಶಾಲಾ ಪ್ರಯೋಗಾಲಯದ ಸುರಕ್ಷತಾ ಪೆಟ್ಟಿಗೆ: ಒಂದು ವರ್ಷ ಬಳಸಿದ ಮೇಲೆ

ಕಳೆದ ವರ್ಷ ಶಾಲೆ ಆರಂಭವಾದ ಎರಡನೆಯ ವಾರದಲ್ಲಿ, ಮುಧೋಳ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಬೆಳಗಾವಿಯ ಅಂಗಡಿಯೊಂದರಿಂದ ‘ಶಾಲಾ ಪ್ರಯೋಗಾಲಯ ಸುರಕ್ಷತಾ ಕಿಟ್’ ಎಂದು ಬರೆದ ದೊಡ್ಡ ರಟ್ಟಿನ ಪೆಟ್ಟಿಗೆ ಬಂದಿತು. ಅದರೊಳಗೆ ಹನ್ನೆರಡು ರಕ್ಷಣಾ ಕನ್ನಡಕ, ಹನ್ನೆರಡು ಏಪ್ರನ್, ಎರಡು ಡಬ್ಬಿ ಕೈಗವಸು, ಕಣ್ಣು ತೊಳೆಯುವ 500 ಮಿಲಿಲೀಟರಿನ ಒಂದು ಬಾಟಲಿ, ಬೆಂಕಿ ಆರಿಸುವ 2 ಕಿಲೋ ಪುಡಿಯ ಸಿಲಿಂಡರ್, ಒಂದು ಫೈರ್ ಬ್ಲ್ಯಾಂಕೆಟ್, ಪ್ರಥಮ ಚಿಕಿತ್ಸೆಯ ಡಬ್ಬಿ ಮತ್ತು ಗೋಡೆಗೆ ಹಚ್ಚುವ ಒಂದು ಚಾರ್ಟ್ ಇದ್ದವು. ಸಾಗಾಟದ ಖರ್ಚು ಸೇರಿ ಹದಿನಾಲ್ಕು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ ಬಿದ್ದಿತು. ಹಣ ಕೊಟ್ಟವರು ನಮ್ಮಲ್ಲಿಯೇ ಕಲಿತು ಈಗ ಹೊರಗೆ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು. ಅವರ ಹಣದಿಂದ ಏನು ಬಂದಿತು, ಬಂದದ್ದರಲ್ಲಿ ಯಾವುದು ಕೆಲಸಕ್ಕೆ ಬಿದ್ದಿತು, ಯಾವುದು ಬೀಳಲಿಲ್ಲ ಎಂಬುದನ್ನು ಬರೆದಿಡುವುದು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕಿಯಾಗಿ ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ಇಂಥ ಪೆಟ್ಟಿಗೆಗಳನ್ನು ಬೇರೆ ಬೇರೆ ತಯಾರಕರು ಹೆಚ್ಚು ಕಡಿಮೆ ಇವೇ ಸಾಮಾನುಗಳೊಂದಿಗೆ ಮಾರುತ್ತಾರೆ. ಆದ್ದರಿಂದ ತಯಾರಕರ ಹೆಸರಿಗಿಂತ ಒಂದೊಂದು ಸಾಮಾನಿನ ಗುಣವನ್ನು ಹೇಳಿದರೆ ಇತರ ಶಾಲೆಗಳಿಗೆ ಹೆಚ್ಚು ಉಪಯೋಗವಾದೀತು.

ನನ್ನ ಒಟ್ಟು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಪೆಟ್ಟಿಗೆಯನ್ನು ಕಪಾಟಿನಲ್ಲಿ ಇಡುವುದಕ್ಕೆ ತಯಾರಿಸಿದ್ದಾರೆ, ಹದಿನಾಲ್ಕು ವರ್ಷದ ಮಗುವಿನ ಮುಖ ಮತ್ತು ಕೈಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ತಯಾರಿಸಿಲ್ಲ. ಕೆಲವು ವಸ್ತುಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ಎರಡು, ಎಂದರೆ ಕಣ್ಣನ್ನು ಕಾಯುವ ಕನ್ನಡಕ ಮತ್ತು ಕಣ್ಣನ್ನು ತೊಳೆಯುವ ಬಾಟಲಿ, ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಬಾಟಲಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಕೊರತೆ ನಮಗೆ ಗೊತ್ತಾದದ್ದು ಒಂದು ಮಗುವಿನ ಸಂಕಟದ ಮೂಲಕ. ಹತ್ತನೆಯ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲಿ ಸುಟ್ಟ ಸುಣ್ಣಕ್ಕೆ ನಿಧಾನವಾಗಿ ನೀರು ಸೇರಿಸಿ, ಬೀಕರನ್ನು ಮುಟ್ಟಿ ಬಿಸಿಯನ್ನು ಗಮನಿಸುವ ಚಟುವಟಿಕೆ ಇದೆ. ಮುಟ್ಟಿ ನೋಡಬೇಕೆಂದರೆ ಮಕ್ಕಳು ಬಗ್ಗುತ್ತಾರೆ, ಬಗ್ಗಿದರೆ ಮುಖ ಬೀಕರಿನ ಮೇಲೆಯೇ ಬರುತ್ತದೆ. ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯ ದಿನ ಅದು. ಕನ್ನಡಕದ ಒಳಗೆ ಮಂಜು ಕಟ್ಟಿದ್ದರಿಂದ ಒಬ್ಬ ಹುಡುಗಿ ಅದನ್ನು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದಳು. ಭಟ್ಟಿಯಿಂದ ತಂದ ಸುಣ್ಣದ ಹರಳು ಬೇಕಾದುದಕ್ಕಿಂತ ದೊಡ್ಡದಿತ್ತು. ಅದನ್ನು ಒಡೆದು ಚಿಕ್ಕದು ಮಾಡದೆ ಕೊಟ್ಟದ್ದು ನನ್ನ ತಪ್ಪು. ನೀರು ಬಿದ್ದ ಕೆಲವೇ ಕ್ಷಣಗಳಲ್ಲಿ ಹರಳು ಬಿರಿದು, ಕುದಿಯುವ ಸುಣ್ಣದ ಹನಿ ಸಿಡಿದು ಅವಳ ಕೆನ್ನೆ ಮತ್ತು ಎಡಗಣ್ಣಿಗೆ ತಾಗಿತು. “ಟೀಚರ, ಕಣ್ಣು ಉರಿಯಾಕತ್ತೈತ್ರಿ” ಎಂದು ಎರಡೂ ಕೈಗಳಿಂದ ಕಣ್ಣನ್ನು ಒತ್ತಿ ಹಿಡಿದಳು.

ನಾನು ಬಾಟಲಿಗೆ ಕೈಹಾಕಿದೆ. ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಸೀಲನ್ನು ತಿರುಚಿ ಮುರಿಯಬೇಕಾಗಿತ್ತು. ನಡುಗುವ ಕೈಗೆ ಅದು ಒಂದೇ ಸಲಕ್ಕೆ ಬರಲಿಲ್ಲ. ಮುರಿದು, ಅವಳ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು ನೀರು ಹಿಂಡಿದರೆ, ಒಂದೂವರೆ ನಿಮಿಷದೊಳಗೆ ಬಾಟಲಿ ಬರಿದಾಯಿತು. ಕೆಳರೆಪ್ಪೆಯ ಮೂಲೆಯಲ್ಲಿ ಬಿಳಿಯ ಪೊರೆ ಹಾಗೆಯೇ ಇತ್ತು. ಅವಳನ್ನು ಹಿಡಿದುಕೊಂಡು ಅಂಗಳದ ಟಾಕಿಯ ನಳದ ಕಡೆಗೆ ಓಡಿದೆವು. ಇಪ್ಪತ್ತು ನಿಮಿಷ, ಗಡಿಯಾರ ನೋಡುತ್ತ, ತಲೆಯನ್ನು ಎಡಕ್ಕೆ ವಾಲಿಸಿ, ಕೆಟ್ಟ ನೀರು ಬಲಗಣ್ಣಿಗೆ ಹರಿಯದಂತೆ ನೋಡಿಕೊಂಡು ತೊಳೆದೆವು. ಕಣ್ಣಿನ ವೈದ್ಯರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತು ತೊಳೆದಿರಿ ಎಂಬುದು. ಆಮೇಲೆ ಮೇಲಿನ ರೆಪ್ಪೆಯನ್ನು ಮಗುಚಿ, ಅದರಡಿ ಅಡಗಿದ್ದ ಸುಣ್ಣದ ಒಂದು ಕಣವನ್ನು ತೆಗೆದರು. ನಾಲ್ಕನೆಯ ದಿನ ಹುಡುಗಿ ಶಾಲೆಗೆ ಬಂದಳು, ಕಣ್ಣು ನೆಟ್ಟಗಿದೆ. ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಸುಣ್ಣವೆಂದರೆ ನಮ್ಮ ಕಡೆ ಯಾರಿಗೂ ಹೆದರಿಕೆಯಿಲ್ಲ. ಎಲೆ ಅಡಿಕೆಗೆ ಹಚ್ಚುವುದು ಅದೇ, ಹಬ್ಬಕ್ಕೆ ಗೋಡೆಗೆ ಬಳಿಯುವುದು ಅದೇ. ಆಸಿಡ್ ಎಂದರೆ ಹೌಹಾರುವ ಮಕ್ಕಳು ಸುಣ್ಣವನ್ನು ಬರಿಗೈಯಲ್ಲಿ ಎತ್ತಿಕೊಳ್ಳುತ್ತಾರೆ. ಆದರೆ ಕಣ್ಣಿನ ಮಟ್ಟಿಗೆ ಸಾಮಾನ್ಯವಾಗಿ ಆಮ್ಲಕ್ಕಿಂತ ಕ್ಷಾರವೇ ಹೆಚ್ಚು ಕೆಟ್ಟದ್ದು. ಆಮ್ಲ ತಾಗಿದಲ್ಲಿ ಮೇಲ್ಪದರದ ಪ್ರೋಟೀನು ಹೆಪ್ಪುಗಟ್ಟಿ, ಆ ಹೆಪ್ಪೇ ಒಂದು ಮಟ್ಟಿಗೆ ಆಮ್ಲ ಒಳಗಿಳಿಯದಂತೆ ತಡೆಯುತ್ತದೆ. ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನು ಸಾಬೂನಾಗಿಸಿ, ಅಂಗಾಂಶವನ್ನು ಕರಗಿಸುತ್ತ ಆಳಕ್ಕೆ ಇಳಿಯುತ್ತ ಹೋಗುತ್ತದೆ. ಅದರಲ್ಲಿಯೂ ಸುಣ್ಣದ ಕಣ ರೆಪ್ಪೆಯಡಿ ಸಿಕ್ಕಿಕೊಂಡರೆ, ಅದು ಕರಗುತ್ತ ಇರುವಷ್ಟು ಹೊತ್ತೂ ಸುಡುತ್ತಲೇ ಇರುತ್ತದೆ. ಆದ್ದರಿಂದ ಬೇಕಾದದ್ದು ಹರಿಯುವ ನೀರು, ಅದೂ ಕೂಡಲೇ, ಅದೂ ಬಹಳ ಹೊತ್ತು.

ಎಷ್ಟು ನೀರು ಎಂಬುದಕ್ಕೆ ಲೆಕ್ಕವಿದೆ. ಕಣ್ಣು ತೊಳೆಯುವ ಸಾಧನಗಳಿಗೆ ಅಮೆರಿಕದಲ್ಲಿ ಬಳಕೆಯಲ್ಲಿರುವ ಝಡ್358.1 ಎಂಬ ಮಾನಕವು ನಿಮಿಷಕ್ಕೆ ಕನಿಷ್ಠ 1.5 ಲೀಟರಿನಂತೆ 15 ನಿಮಿಷ ನೀರು ಹರಿಯಬೇಕು, ಅಪಾಯದ ಜಾಗದಿಂದ ಸುಮಾರು 10 ಸೆಕೆಂಡಿನಲ್ಲಿ ಅಲ್ಲಿಗೆ ತಲುಪುವಂತಿರಬೇಕು ಎನ್ನುತ್ತದೆ. ಗುಣಿಸಿದರೆ 22.5 ಲೀಟರ್ ಆಗುತ್ತದೆ. ಪೆಟ್ಟಿಗೆಯಲ್ಲಿ ಬಂದದ್ದು ಅರ್ಧ ಲೀಟರ್. ನಳದವರೆಗೆ ಮಗುವನ್ನು ಕರೆದೊಯ್ಯುವ ದಾರಿಯಲ್ಲಿ ಬಳಸಲು ಈ ಬಾಟಲಿ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಾಲದು. ಅದರ ಹೊದಿಕೆಯ ಮೇಲೆ ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಾಗಿತ್ತು. ಮುದ್ರಿಸಿದ್ದು ‘ಸಂಪೂರ್ಣ ಕಣ್ಣಿನ ರಕ್ಷಣೆ’ ಎಂದು. ಇದನ್ನು ನಂಬಿದ ಶಿಕ್ಷಕರು ನಳದ ಚಿಂತೆಯನ್ನೇ ಬಿಟ್ಟುಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಬಾಟಲಿಗೆ ಅವಧಿ ಮುಗಿಯುವ ದಿನಾಂಕವಿದೆ, ಒಮ್ಮೆ ಸೀಲು ಒಡೆದರೆ ಅದನ್ನು ಮತ್ತೆ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನೂ ಕೊಳ್ಳುವವರು ಗಮನಿಸಬೇಕು.

ಆ ಘಟನೆಯ ಮರುವಾರವೇ ಊರಿನ ಪ್ಲಂಬರನ್ನು ಕರೆಸಿ, ಪ್ರಯೋಗಾಲಯದ ಬಾಗಿಲ ಪಕ್ಕದ ಸಿಂಕಿಗೆ ಮೇಲ್ಮುಖವಾಗಿ ಬಾಗಿದ ಎರಡು ಸಣ್ಣ ಕೊಳವೆಗಳನ್ನು ಕೂಡಿಸಿದೆವು. ತಿರುಗಿಸುವ ನಳದ ಬದಲು ಒಂದೇ ತಟ್ಟಿಗೆ ತೆರೆದುಕೊಂಡು, ಕೈಬಿಟ್ಟರೂ ತೆರೆದೇ ಇರುವ ಹಿಡಿಕೆಯ ವಾಲ್ವ್ ಹಾಕಿಸಿದೆವು, ಏಕೆಂದರೆ ಆ ಹೊತ್ತಿನಲ್ಲಿ ಎರಡೂ ಕೈಗಳು ರೆಪ್ಪೆ ಬಿಡಿಸಲು ಬೇಕು. ನಮ್ಮೂರಿನಲ್ಲಿ ನಳದ ನೀರು ದಿನವಿಡೀ ಬರುವುದಿಲ್ಲ, ಆದ್ದರಿಂದ ಆ ಸಿಂಕಿಗೆಂದೇ 200 ಲೀಟರಿನ ಪ್ರತ್ಯೇಕ ಟಾಕಿ ಇಟ್ಟಿದ್ದೇವೆ. ಇಟ್ಟ ಮೇಲೆ ಇನ್ನೊಂದು ತೊಂದರೆ ತಿಳಿಯಿತು. ಮಾಳಿಗೆಯ ಮೇಲಿನ ಕಪ್ಪು ಟಾಕಿಯ ನೀರು ಮಾರ್ಚ್ ತಿಂಗಳ ಮಧ್ಯಾಹ್ನ ಕೈಯಿಟ್ಟರೆ ಚುರ್ ಎನ್ನುವಷ್ಟು ಕಾಯುತ್ತದೆ. ಕಣ್ಣಿಗೆ ಹರಿಸುವ ನೀರು 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂದು ಅದೇ ಮಾನಕ ಹೇಳುತ್ತದೆ. ನಮ್ಮ ಬಾಗಲಕೋಟೆ, ವಿಜಯಪುರದ ಬೇಸಗೆಯಲ್ಲಿ ಇದು ತಾನಾಗಿ ಆಗುವ ಮಾತಲ್ಲ. ಟಾಕಿಯನ್ನು ಬೇವಿನ ಮರದ ನೆರಳಿಗೆ ಇಳಿಸಿ, ಕಟ್ಟೆಯ ಮೇಲೆ ಕೂರಿಸಿ, ಹಳೆಯ ಗೋಣಿಚೀಲ ಸುತ್ತಿದೆವು. ಪ್ರತಿ ಸೋಮವಾರ ಬೆಳಿಗ್ಗೆ ಎರಡು ನಿಮಿಷ ನೀರು ಹರಿಯಬಿಟ್ಟು ಕೊಳವೆಯಲ್ಲಿ ನಿಂತ ನೀರನ್ನು ಹೊರಹಾಕುತ್ತೇವೆ. ಇಷ್ಟಕ್ಕೂ ಆದ ಖರ್ಚು ಪೆಟ್ಟಿಗೆಯ ಬೆಲೆಯ ಕಾಲುಭಾಗವೂ ಅಲ್ಲ. ಯಾವ ಶಾಲೆಯವರಾದರೂ ನನ್ನನ್ನು ಕೇಳಿದರೆ, ಮೊದಲು ಈ ನಳ ಮಾಡಿಸಿ, ಉಳಿದ ಹಣದಲ್ಲಿ ಬೇರೆಯದನ್ನು ನೋಡೋಣ ಎನ್ನುತ್ತೇನೆ.

ಕನ್ನಡಕದ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿದ್ದವು ಮೃದುವಾದ ಪ್ಲಾಸ್ಟಿಕ್ ಅಂಚಿನ, ಹಿಂದೆ ಎಲಾಸ್ಟಿಕ್ ಪಟ್ಟಿಯ, ನೋಡಲು ಗಟ್ಟಿಮುಟ್ಟಾದ ಕನ್ನಡಕಗಳು. ಗಾಳಿಯಾಡಲೆಂದು ಮೇಲಂಚಿನಲ್ಲಿಯೂ ಪಕ್ಕದಲ್ಲಿಯೂ ಸಾಲಾಗಿ ಸಣ್ಣ ತೂತುಗಳಿದ್ದವು. ಗಾಳಿ ಹೋಗುವ ನೇರ ತೂತಿನಲ್ಲಿ ಹನಿಯೂ ಹೋಗಲಾರದೇ ಎಂಬ ಸಂಶಯ ಬಂದು, ಸುಣ್ಣದ ಘಟನೆಯ ನಂತರ ಮಕ್ಕಳೊಂದಿಗೆ ಒಂದು ಪರೀಕ್ಷೆ ಮಾಡಿದೆ. ಸೋಸು ಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ಅದರ ತುಂಡುಗಳನ್ನು ತಲೆಯಷ್ಟು ದೊಡ್ಡದಾದ ಮಣ್ಣಿನ ಗಡಿಗೆಯ ಮೇಲೆ ಕಣ್ಣುಗಳಿರುವ ಜಾಗದಲ್ಲಿ ಅಂಟಿಸಿದೆವು. ಅದರ ಮೇಲೆ ಕನ್ನಡಕ ತೊಡಿಸಿ, ಗಿಡಕ್ಕೆ ಔಷಧ ಹೊಡೆಯುವ ಸಣ್ಣ ಪಂಪಿನಲ್ಲಿ ವಾಷಿಂಗ್ ಸೋಡಾದ ನೀರನ್ನು ತುಂಬಿ, ಒಂದು ಮೊಳ ದೂರದಿಂದ ಮುಂದೆ, ಮೇಲೆ, ಪಕ್ಕದಲ್ಲಿ ಸಿಂಪಡಿಸಿದೆವು. ಅರಿಶಿನ ಕ್ಷಾರಕ್ಕೆ ಕೆಂಪಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕನ್ನಡಕ ತೆಗೆದು ನೋಡಿದರೆ ಹಳದಿ ಕಾಗದದ ಮೇಲೆ, ಮೇಲಂಚಿನ ತೂತುಗಳ ಸಾಲಿನ ಕೆಳಗೆ ಸರಿಯಾಗಿ, ಕುಂಕುಮ ಸಿಡಿಸಿದಂತೆ ಕೆಂಪು ಚುಕ್ಕೆಗಳ ಒಂದು ಸಾಲು ಮೂಡಿತ್ತು. ಹಿಂದಿನ ಬೆಂಚಿನ ಹುಡುಗರೂ ಎದ್ದು ಬಂದು ನೋಡಿ ಸುಮ್ಮನಾದರು. ನಾನು ಎಷ್ಟು ಸಲ ಹೇಳಿದರೂ ಆಗದ ಪಾಠ ಆ ಚುಕ್ಕೆಗಳಿಂದ ಆಯಿತು.

ಕಾರಣ ಸರಳವಾಗಿದೆ. ಇವು ಧೂಳು ಮತ್ತು ಚೂರುಗಳಿಂದ ಕಾಯುವ, ನೇರ ಗಾಳಿತೂತಿನ ಕನ್ನಡಕಗಳು. ಬಡಗಿ, ಕಲ್ಲುಕುಟಿಗರಿಗೆ ಇವು ಸರಿ. ದ್ರವ ಸಿಡಿಯುವಲ್ಲಿ ಬೇಕಾದದ್ದು ಗಾಳಿತೂತಿಗೆ ಒಳಗಿನಿಂದ ಅಡ್ಡಗೋಡೆಯಿದ್ದು, ಗಾಳಿ ಸುತ್ತಿ ಬರುವ, ಹನಿ ನೇರವಾಗಿ ನುಗ್ಗಲಾರದ ಜಾತಿಯದು. ಇದನ್ನು ಗುರುತಿಸಲು ಮುದ್ರೆಗಳಿವೆ. ಯುರೋಪಿನ ಇಎನ್ 166 ಮಾನಕದಂತೆ ತಯಾರಾದದ್ದಾದರೆ ಚೌಕಟ್ಟಿನ ಮೇಲೆ ಹನಿಗಳ ತಡೆಗೆ ‘3’ ಎಂಬ ಅಂಕಿಯೂ, ಅಮೆರಿಕದ ಝಡ್87.1 ಮಾನಕದ್ದಾದರೆ ‘ಡಿ3’ ಎಂಬ ಗುರುತೂ ಇರುತ್ತವೆ. ಕಣ್ಣಿನ ರಕ್ಷಣಾ ಸಾಧನಗಳಿಗೆ ನಮ್ಮ ದೇಶದ ಮಾನಕ ಐಎಸ್ 5983. ನಮಗೆ ಬಂದ ಕನ್ನಡಕಗಳ ಮೇಲೆ ಇವುಗಳಲ್ಲಿ ಯಾವುದೂ ಇರಲಿಲ್ಲ.

ಇಲ್ಲಿ ಅಂಗಡಿಯವರನ್ನು ಮೆಚ್ಚಲೇಬೇಕು. ಕೆಂಪು ಚುಕ್ಕೆಯ ಕಾಗದವನ್ನೂ ಒಂದು ಕನ್ನಡಕವನ್ನೂ ತೆಗೆದುಕೊಂಡು ಬೆಳಗಾವಿಗೆ ಹೋದಾಗ ಮಾಲೀಕರು ವಾದ ಮಾಡಲಿಲ್ಲ. “ಮೇಡಮ್ಮರ, ಶಾಲಿಯವರು ಇದನ್ನ ಹಿಂಗ ತಂದು ತೋರಿಸಿದ್ದು ಇದ ಮೊದಲ ನೋಡ್ರಿ” ಎಂದು, ಬಳಸಿದ್ದವೆಂಬ ತಕರಾರಿಲ್ಲದೆ ಹನ್ನೆರಡನ್ನೂ ಹಿಂದಕ್ಕೆ ಪಡೆದು, ಬೆಲೆಯ ವ್ಯತ್ಯಾಸ ಮಾತ್ರ ತೆಗೆದುಕೊಂಡು ಅಡ್ಡಗೋಡೆಯ ತೂತಿನವನ್ನು ಕೊಟ್ಟರು. ಅವುಗಳನ್ನು ಅದೇ ಗಡಿಗೆಗೆ ತೊಡಿಸಿ ಪರೀಕ್ಷಿಸಿದಾಗ ಮೂಗಿನ ಸಂದಿಯಲ್ಲಿ ಒಂದೇ ಒಂದು ಚುಕ್ಕೆ ಬಂದಿತು. ಗಡಿಗೆಗೆ ಮೂಗಿಲ್ಲದ್ದರಿಂದ ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಕನ್ನಡಕ ಕೊಳ್ಳುವ ಪ್ರತಿಯೊಂದು ಶಾಲೆಯೂ ಈ ಪರೀಕ್ಷೆಯನ್ನು ಮಾಡಬಹುದು, ಅರಿಶಿನ ಮತ್ತು ಸೋಡಾ ಅಡುಗೆಮನೆಯ ಖರ್ಚಿನಲ್ಲಿಯೇ ಆಗುತ್ತವೆ.

ಆದರೂ ಅಳತೆಯ ಪ್ರಶ್ನೆ ಬಗೆಹರಿದಿಲ್ಲ. ಎಲ್ಲವೂ ದೊಡ್ಡವರ ಮುಖಕ್ಕೆ ಮಾಡಿದವು. ಎಂಟನೆಯ ತರಗತಿಯ ಸಣ್ಣ ಮುಖದ ಮಕ್ಕಳಿಗೆ ತೊಡಿಸಿದರೆ ಕೆನ್ನೆಯ ಎರಡೂ ಪಕ್ಕ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ, ಪಟ್ಟಿಯನ್ನು ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ. ದೃಷ್ಟಿದೋಷದ ಚಾಳೀಸು ಹಾಕುವ ಮಕ್ಕಳಿಗೆ ಮಾತ್ರ ಈ ಅಗಲ ಅನುಕೂಲವಾಯಿತು, ಚಾಳೀಸಿನ ಮೇಲೆಯೇ ಕೂರುತ್ತದೆ. ಮಂಜು ಕಟ್ಟುವುದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಒಳಮೈಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿಯನ್ನು ತೆಳ್ಳಗೆ ಸವರಿ, ಮೆತ್ತನೆಯ ಬಟ್ಟೆಯಿಂದ ಒರೆಸಿ ಬಿಡುವುದು. ಒಂದು ಪೀರಿಯಡ್ ಮಟ್ಟಿಗೆ ಅದು ನಡೆಯುತ್ತದೆ. ಒಬ್ಬರ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಳ್ಳುವ ಮುನ್ನ ಸಾಬೂನಿನಿಂದ ತೊಳೆದು ನೆರಳಲ್ಲಿ ಒಣಗಿಸುವುದನ್ನು ತಪ್ಪಿಸುವಂತಿಲ್ಲ. ಊರಿನಲ್ಲಿ ಮಕ್ಕಳಿಗೆ ಕಣ್ಣು ಬಂದಿರುವ ದಿನಗಳಲ್ಲಿ ನಾವು ಚಟುವಟಿಕೆಯನ್ನೇ ಮುಂದಕ್ಕೆ ಹಾಕುತ್ತೇವೆ. ಹತ್ತನೆಯ ತರಗತಿಯಲ್ಲಿ 46 ಮಕ್ಕಳಿದ್ದಾರೆ, ಕನ್ನಡಕ ಹನ್ನೆರಡು. ಹಾಗಾಗಿ ಒಂದು ಸಲಕ್ಕೆ ಹನ್ನೆರಡು ಮಕ್ಕಳು ಮಾತ್ರ ಮೇಜಿನ ಬಳಿ ಬರುತ್ತಾರೆ. ಪಾಠ ನಿಧಾನವಾದರೂ ಈ ಏರ್ಪಾಡಿನಿಂದ ನೂಕುನುಗ್ಗಲು ತಪ್ಪಿದೆ.

ಏಪ್ರನ್‌ಗಳು ಪೆಟ್ಟಿಗೆಯ ಅತ್ಯುತ್ತಮ ವಸ್ತು. ಶುದ್ಧ ಹತ್ತಿಯೆಂದು ಚೀಟಿಯಲ್ಲಿತ್ತು. ಅಂಚಿನ ಒಂದು ಎಳೆಯನ್ನು ಕಿತ್ತು ಸುಟ್ಟು ನೋಡಿದೆ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯಿತು. ಪಾಲಿಯೆಸ್ಟರ್ ಆಗಿದ್ದರೆ ಮುದುಡಿ, ಕರಗಿ, ಗಟ್ಟಿಯಾದ ಕರಿ ಮಣಿಯಾಗುತ್ತಿತ್ತು. ಮೈಮೇಲೆ ಅದು ಹಾಗೆ ಕರಗಿ ಅಂಟಿಕೊಂಡರೆ ಸುಟ್ಟಗಾಯ ಇನ್ನೂ ಆಳವಾಗುತ್ತದೆ. ಕಟ್ಟುವ ದಾರಗಳು ಬೆನ್ನಿಗಿರುವುದೂ, ಒಂದೇ ಎಳೆತಕ್ಕೆ ಬಿಚ್ಚುವುದೂ ಒಳ್ಳೆಯದು. ಹುಡುಗಿಯರ ವೇಲನ್ನೂ ಜಡೆಯನ್ನೂ ಏಪ್ರನ್ನಿನ ಒಳಗೆ ಸೇರಿಸಿದ ಮೇಲೆಯೇ ದೀಪ ಹಚ್ಚುವುದು ನಮ್ಮಲ್ಲಿ ನಿಯಮ. ಕೈಗವಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ದೊಡ್ಡವರ ಅಳತೆಯವು, ಮಕ್ಕಳ ಬೆರಳ ತುದಿಯಲ್ಲಿ ಜೋಲುತ್ತವೆ, ಜೋಲುವ ಕೈಗವಸಿನಿಂದ ಪ್ರನಾಳ ಜಾರುತ್ತದೆ, ಉರಿಯ ಹತ್ತಿರವಂತೂ ಅವುಗಳನ್ನು ಹಾಕಲೇಬಾರದು. ಆಮ್ಲವನ್ನು ಸುರಿಯುವಾಗ ನಾನು ಬಳಸುತ್ತೇನೆ, ಅಷ್ಟೆ.

ಬೆಂಕಿಯ ಸಾಮಾನುಗಳಲ್ಲಿ ಫೈರ್ ಬ್ಲ್ಯಾಂಕೆಟ್ ನನಗೆ ಬಹಳ ಹಿಡಿಸಿತು. ಗಾಜಿನ ಎಳೆಯಿಂದ ನೇಯ್ದ, ಒಂದು ಮೀಟರ್ ಚೌಕದ ಬಟ್ಟೆ. ಕೆಳಗೆ ನೇತಾಡುವ ಎರಡು ಪಟ್ಟಿಗಳನ್ನು ಎಳೆದರೆ ಚೀಲದಿಂದ ಸರ್ರೆಂದು ಹೊರಬರುತ್ತದೆ. ಸ್ಪಿರಿಟ್ ದೀಪ ಉರುಳಿ ಮೇಜಿನ ಮೇಲೆ ಸ್ಪಿರಿಟ್ ಚೆಲ್ಲಿ ಹೊತ್ತಿಕೊಂಡರೆ, ಉರಿ ನಮ್ಮ ಕಡೆಗೆ ಬಾರದಂತೆ ಎದುರಿನಿಂದ ಆಚೆಗೆ ಹಾಸಿ ಮುಚ್ಚಿಬಿಟ್ಟರೆ ಆರುತ್ತದೆ. ಸ್ಪಿರಿಟ್ಟಿನ ಉರಿ ತೆಳು ನೀಲಿ. ಕಿಟಕಿಯ ಬಿಸಿಲು ಬೀಳುವ ಮೇಜಿನ ಮೇಲೆ ಅದು ಕಾಣುವುದೇ ಇಲ್ಲ. ದೀಪ ಆರಿದೆಯೆಂದು ತಿಳಿದು ಸ್ಪಿರಿಟ್ ತುಂಬಲು ಹೋಗುವುದು, ಒಂದು ದೀಪದಿಂದ ಇನ್ನೊಂದನ್ನು ಬಾಗಿಸಿ ಹಚ್ಚುವುದು, ಇವೆರಡೂ ಬೆಂಕಿಗೆ ಕರೆ ಕೊಟ್ಟಂತೆ. ಬ್ಲ್ಯಾಂಕೆಟನ್ನು ಕಪಾಟಿನಲ್ಲಿಡದೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಮಗುವಿನ ಮೈಮೇಲಿನ ಬಟ್ಟೆಗೆ ಹೊತ್ತಿದರೆ ಒಂದು ಮೀಟರ್ ಸಾಲದು. ಅದಕ್ಕೆಂದು ಕುರಿ ಉಣ್ಣೆಯ ಕರಿ ಕಂಬಳಿಯೊಂದನ್ನು ಅದರ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಉಣ್ಣೆ ಸುಲಭವಾಗಿ ಹೊತ್ತುವುದಿಲ್ಲ, ಮೈಗೆ ಸುತ್ತಿ ನೆಲದ ಮೇಲೆ ಹೊರಳಿಸಲು ಅದೇ ಸರಿ.

ಸಿಲಿಂಡರ್ ಮೇಲೆ ಐಎಸ್ 15683 ಎಂಬ ಮುದ್ರೆ ಇದೆ, ಒತ್ತಡದ ಮುಳ್ಳು ಹಸಿರಿನಲ್ಲಿದೆ, ಅದನ್ನು ಪ್ರತಿ ತಿಂಗಳು ನೋಡಿ ಬರೆದಿಡುತ್ತೇವೆ. ಆದರೆ ಇದರಿಂದ ಎಲ್ಲ ಬೆಂಕಿಯೂ ಆರುತ್ತದೆ ಎಂದು ಮಕ್ಕಳಿಗೆ ಹೇಳಿಕೊಡಬಾರದು. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ನಮ್ಮೆಲ್ಲರ ಕಪಾಟಿನಲ್ಲಿರುತ್ತದೆ. ಅದು ಹೊತ್ತಿಕೊಂಡರೆ ನೀರೂ ಬೇಡ, ಈ ಪುಡಿಯೂ ಬೇಡ, ಒಣಗಿದ ಮರಳು ಬೇಕು. ಪೆಟ್ಟಿಗೆಯಲ್ಲಿ ಮರಳಿಗೆ ಒಂದು ಬಕೆಟ್ಟನ್ನೂ ಕೊಟ್ಟಿಲ್ಲ. ಹಳ್ಳದ ಮರಳನ್ನು ಜರಡಿ ಹಿಡಿದು, ಮೂರು ದಿನ ಬಿಸಿಲಿಗೆ ಹಾಕಿ, ಮುಚ್ಚಳವಿರುವ ಎರಡು ಡಬ್ಬಿಗಳಲ್ಲಿ ನಾವೇ ತುಂಬಿಟ್ಟೆವು. ತೇವದ ಮರಳು ಸೋಡಿಯಂಗೆ ನೀರು ಹಾಕಿದಂತೆಯೇ, ಆದ್ದರಿಂದ ಮುಚ್ಚಳ ಮುಖ್ಯ.

ಪ್ರಥಮ ಚಿಕಿತ್ಸೆಯ ಡಬ್ಬಿಯ ಪಟ್ಟಿ, ಹತ್ತಿ, ಕತ್ತರಿ ಎಲ್ಲ ಸರಿಯಾಗಿವೆ. ಅದರೊಳಗಿನ ಮಾಹಿತಿ ಪತ್ರವನ್ನು ಮಾತ್ರ ನಾನು ಹರಿದು ಹಾಕಿದೆ. ಕಣ್ಣಿಗೆ ಆಮ್ಲ ಬಿದ್ದರೆ ಅಡುಗೆ ಸೋಡಾದ ನೀರಿನಿಂದ, ಕ್ಷಾರ ಬಿದ್ದರೆ ಬೋರಿಕ್ ಆಮ್ಲದ ನೀರಿನಿಂದ ತೊಳೆಯಿರಿ ಎಂದು ಅದರಲ್ಲಿ ಬರೆದಿತ್ತು. ನಾವು ಓದುವಾಗಿನ ಹಳೆಯ ಪ್ರಯೋಗ ಪುಸ್ತಕಗಳಲ್ಲಿಯೂ ಹೀಗೆಯೇ ಇರುತ್ತಿತ್ತು, ಆದರೆ ಇದು ಅಪಾಯದ ಸಲಹೆ. ಆಮ್ಲವೂ ಕ್ಷಾರವೂ ಸೇರಿದಲ್ಲಿ ಶಾಖ ಹುಟ್ಟುತ್ತದೆ, ಕಣ್ಣಿನ ಮೇಲೆ ಅದು ಹುಟ್ಟಬಾರದು. ಅಲ್ಲದೆ ದ್ರಾವಣ ಕಲಸುತ್ತ ಕೂರುವ ಆ ಒಂದು ನಿಮಿಷವೇ ಅತ್ಯಂತ ಬೆಲೆಯುಳ್ಳದ್ದು. ಚರ್ಮಕ್ಕಾಗಲಿ ಕಣ್ಣಿಗಾಗಲಿ ಬರೀ ನೀರು, ಧಾರಾಳವಾಗಿ. ಸುಟ್ಟಗಾಯಕ್ಕೂ ಅಷ್ಟೇ, ತಣ್ಣೀರನ್ನು 20 ನಿಮಿಷ ಹರಿಸಬೇಕು. ಹಲ್ಲುಜ್ಜುವ ಪೇಸ್ಟ್, ಶಾಯಿ, ಹಳದಿ ಮುಲಾಮು ಯಾವುದನ್ನೂ ವೈದ್ಯರು ನೋಡುವ ಮುನ್ನ ಹಚ್ಚಬಾರದು.

ಗೋಡೆಯ ಚಾರ್ಟ್ ಇಡಿಯಾಗಿ ಇಂಗ್ಲಿಷಿನಲ್ಲಿದೆ. ಅದರಲ್ಲಿರುವ ಚಿಹ್ನೆಗಳೂ ಹಳೆಯ ಕಿತ್ತಳೆ ಬಣ್ಣದ ಚೌಕಗಳು. ಈಗ ರಾಸಾಯನಿಕಗಳ ಬಾಟಲಿಗಳ ಮೇಲೆ ಬರುವುದು ಬಿಳಿ ಹಿನ್ನೆಲೆ, ಕೆಂಪು ಅಂಚಿನ ವಜ್ರಾಕೃತಿಯ ಒಂಬತ್ತು ಚಿಹ್ನೆಗಳು, ವಿಶ್ವಸಂಸ್ಥೆಯು 2003ರಲ್ಲಿ ಮೊದಲ ಬಾರಿ ಪ್ರಕಟಿಸಿದ ಏಕರೂಪ ಪದ್ಧತಿಯವು. ಕಪಾಟಿನ ಬಾಟಲಿಯ ಗುರುತು ಗೋಡೆಯ ಮೇಲಿಲ್ಲದಿದ್ದರೆ ಆ ಚಾರ್ಟ್ ಯಾರಿಗೆ ಬೇಕು? ಒಂಬತ್ತನೆಯ ತರಗತಿಯ ಮಕ್ಕಳು ಆ ಒಂಬತ್ತನ್ನೂ ದೊಡ್ಡದಾಗಿ ಬರೆದು, ಕೆಳಗೆ ಕನ್ನಡದಲ್ಲಿ ಹೆಸರು ಕೊಟ್ಟರು. ಬರೀ ಉರಿಯ ಚಿತ್ರ ಸ್ಪಿರಿಟ್ಟಿನಂತೆ ಹೊತ್ತಿಕೊಳ್ಳುವುದಕ್ಕೆ, ವೃತ್ತದ ಮೇಲಿನ ಉರಿ ಪೊಟ್ಯಾಸಿಯಂ ಪರ್ಮಾಂಗನೇಟಿನಂತೆ ಬೇರೆಯದನ್ನು ಹೊತ್ತಿಸುವುದಕ್ಕೆ. ಈ ವ್ಯತ್ಯಾಸವನ್ನು ಚಿತ್ರ ಬರೆಯುವಾಗಲೇ ಕೇಳಿ ತಿಳಿದ ಒಬ್ಬ ಹುಡುಗ, ನಮ್ಮ ಕಪಾಟಿನಲ್ಲಿ ಪರ್ಮಾಂಗನೇಟಿನ ಡಬ್ಬಿ ಗ್ಲಿಸರಿನ್ ಬಾಟಲಿಯ ಪಕ್ಕದಲ್ಲಿಯೇ ಇರುವುದನ್ನು ತೋರಿಸಿದ. ಅವೆರಡೂ ಕೂಡಿದರೆ ಕಡ್ಡಿ ಗೀರದೆಯೇ ಉರಿ ಏಳುತ್ತದೆ. ಅಂದೇ ಬೇರೆ ಬೇರೆ ಅಂಕಣಕ್ಕೆ ಇಟ್ಟೆವು.

ಆಮ್ಲದ ಬಗ್ಗೆ ಅಂಗಡಿಯವರ ನಡವಳಿಕೆಯನ್ನು ಇನ್ನೊಮ್ಮೆ ಹೊಗಳಬೇಕು. ಪೆಟ್ಟಿಗೆಯ ಜೊತೆಗೆ ಸಲ್ಫ್ಯೂರಿಕ್ ಆಮ್ಲವನ್ನೂ ಕೇಳಿದ್ದೆವು. ಶಾಲೆಯ ಪತ್ರ ಮತ್ತು ನನ್ನ ಭಾವಚಿತ್ರದ ಗುರುತಿನ ಚೀಟಿ ಇಲ್ಲದೆ ಕೊಡುವುದಿಲ್ಲವೆಂದರು. ಸರ್ವೋಚ್ಚ ನ್ಯಾಯಾಲಯ 2013ರ ಜುಲೈ 18ರಂದು ಕೊಟ್ಟ ನಿರ್ದೇಶನಗಳಲ್ಲಿ ಮಾರುವವರ ಕರ್ತವ್ಯದಂತೆಯೇ ಶಿಕ್ಷಣ ಸಂಸ್ಥೆಗಳ ಕರ್ತವ್ಯವೂ ಇದೆ. ಬಳಕೆಯ ರಿಜಿಸ್ಟರ್ ಇಟ್ಟು ಉಪವಿಭಾಗೀಯ ದಂಡಾಧಿಕಾರಿಗಳಿಗೆ ಸಲ್ಲಿಸಬೇಕು, ಆಮ್ಲದ ಸಂಗ್ರಹಕ್ಕೆ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕು, ಪ್ರಯೋಗಾಲಯದಿಂದ ಹೊರಹೋಗುವವರನ್ನು ಪರೀಕ್ಷಿಸಬೇಕು. ಪೆಟ್ಟಿಗೆಯವರು ಒಂದು ರಿಜಿಸ್ಟರನ್ನೂ ಒಂದು ಬೀಗವನ್ನೂ ಸೇರಿಸಿದ್ದರೆ ಎಷ್ಟೋ ಶಾಲೆಗಳಿಗೆ ನೆನಪಾಗುತ್ತಿತ್ತು. ನಮ್ಮಲ್ಲಿ ಹೊಣೆ ನನ್ನದು, ಕೀಲಿಕೈ ನನ್ನ ಬಳಿ. ಆಮ್ಲವನ್ನು ತೆಳುಗೊಳಿಸುವ ಕೆಲಸವನ್ನು ಹಿಂದಿನ ಸಂಜೆಯೇ, ಮಕ್ಕಳು ಹೋದ ಮೇಲೆ ನಾನೇ ಮಾಡುತ್ತೇನೆ. ನೀರಿನೊಳಗೆ ಆಮ್ಲವನ್ನು ಎಳೆಯಾಗಿ ಬಿಡುತ್ತ, ಕಲಕುತ್ತ. ತದ್ವಿರುದ್ಧ ಮಾಡಿದರೆ, ಇನ್ನೂ ತೆಳುಗೊಳಿಸದ ಆ ಆಮ್ಲ ನೀರಿಗಿಂತ 1.84 ಪಟ್ಟು ಭಾರವಿರುವುದರಿಂದ ನೀರು ಮೇಲೆಯೇ ನಿಂತು, ಕುದಿದು, ಆಮ್ಲವನ್ನು ಹೊತ್ತುಕೊಂಡು ಮುಖಕ್ಕೆ ಸಿಡಿಯುತ್ತದೆ.

ಇಡೀ ಪೆಟ್ಟಿಗೆಯನ್ನು ಮತ್ತೆ ಕೊಳ್ಳುವಿರಾ ಎಂದರೆ, ಇಲ್ಲ. ಅದೇ ಅಂಗಡಿಯಿಂದ ಬಿಡಿಬಿಡಿಯಾಗಿ ಕೊಳ್ಳುತ್ತೇನೆ. ಹತ್ತಿಯ ಏಪ್ರನ್, ಫೈರ್ ಬ್ಲ್ಯಾಂಕೆಟ್, ಸಿಲಿಂಡರ್ ಇವು ಮೂರನ್ನೂ ಧೈರ್ಯವಾಗಿ ತೆಗೆದುಕೊಳ್ಳಬಹುದು. ಕನ್ನಡಕವನ್ನು ಗುರುತು ನೋಡಿ, ಅರಿಶಿನದ ಕಾಗದದಿಂದ ಪರೀಕ್ಷಿಸಿ ತೆಗೆದುಕೊಳ್ಳಬೇಕು. ಬಾಟಲಿ, ಕೈಗವಸು, ಚಾರ್ಟ್‌ಗಳ ಹಣವನ್ನು ಪ್ಲಂಬರಿಗೆ ಕೊಡುವುದು ಮೇಲು. ಮಕ್ಕಳ ಮುಖದ ಅಳತೆಯ ಕನ್ನಡಕಗಳನ್ನು ತರಿಸಿಕೊಡುವುದಾಗಿ ಮಾಲೀಕರು ಒಪ್ಪಿದ್ದಾರೆ. ಎಂಟನೆಯ ತರಗತಿಯ ಹನ್ನೆರಡು ಮಕ್ಕಳ ಮುಖದ ಅಗಲವನ್ನು ದಾರ ಹಿಡಿದು ಅಳೆದು, ಸೆಂಟಿಮೀಟರಿನಲ್ಲಿ ಬರೆದು ಅವರಿಗೆ ಕಳುಹಿಸಿದ್ದೇನೆ. ಬಂದ ಕೂಡಲೇ ಗಡಿಗೆಗಲ್ಲ, ಮೊದಲು ಮಕ್ಕಳ ಮುಖಕ್ಕೆ ತೊಡಿಸಿ, ಕೆನ್ನೆಯ ಸಂದಿಯಲ್ಲಿ ಬೆರಳು ತೂರುತ್ತದೆಯೇ ಎಂದು ನೋಡುತ್ತೇನೆ.